ಕಿಟಕಿಯ ಹೊರಗೆ ನೆರಳು ಕಟ್ಟುವುದು ತಪ್ಪೇ?

ಜಂಗಮಕೋಟೆ ಸುತ್ತಿನ ಹಳ್ಳಿಗಳಲ್ಲಿ ಬೇಸಿಗೆ ಬಲಿಯಿತೆಂದರೆ ರೇಷ್ಮೆ ಹುಳು ಮನೆಯ ಕಿಟಕಿಗಳಿಗೆ ಗೋಣಿತಾಟು ಬೀಳುತ್ತದೆ. ಬಿಸಿಲೇರಿದಂತೆಲ್ಲ ಮನೆಯವರು ಬಂದು ಅದಕ್ಕೆ ನೀರು ಹೊಯ್ಯುತ್ತಾರೆ. ತಾಟಿನ ಅಂಚಿನಿಂದ ನೀರು ತೊಟ್ಟಿಕ್ಕಿ ಗೋಡೆ ಬುಡದ ಮಣ್ಣು ಕಪ್ಪಾಗಿರುತ್ತದೆ. ಶೀಟಿನ ಚಾವಣಿಯಾದರೆ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ, ತಾರಸಿಯಾದರೆ ಸುಣ್ಣ ಬಳಿಯುತ್ತಾರೆ. ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಶಾಖ ಮತ್ತು ಶೇ 70ರ ಆಸುಪಾಸಿನ ತೇವಾಂಶ ಬೇಕು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ, ಎದ್ದ ಹುಳು ಝಳಕ್ಕೆ ಸಿಕ್ಕರೆ ಸೊಪ್ಪು ತಿನ್ನುವುದನ್ನು ಬಿಡುತ್ತದೆ. ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿಕೊಂಡರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದ ಬೆಳೆ ತಿಪ್ಪೆ ಸೇರುತ್ತದೆ. ಹೀಗಾಗಿ ಇಲ್ಲಿನ ರೈತನಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಿಲ್ಲ: ಬಿಸಿಲನ್ನು ಕಿಟಕಿಯ ಆಚೆಯೇ ತಡೆಯಬೇಕು, ಒಳಗೆ ಬಂದ ಮೇಲೆ ತಡೆಯಲಾಗದು.

ಇದೇ ಸೀಮೆಯ ಮಕ್ಕಳು ಇಂದು ದೇವನಹಳ್ಳಿ, ಯಲಹಂಕ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿದ್ದಾರೆ. ಪಶ್ಚಿಮಕ್ಕೆ ಮುಖ ಮಾಡಿದ ಎರಡು ಕೋಣೆಯ ಮನೆ, ಗೋಡೆಯ ಅರ್ಧದಷ್ಟು ಗಾಜು. ಸಂಜೆ ನಾಲ್ಕೂವರೆಗೆ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಹಾಸಿಗೆ ಬಿಸಿ, ದಿಂಬು ಬಿಸಿ, ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆಯೂ ಬಿಸಿ. ಊರಿನಲ್ಲಿ ಕಂಡ ಉಪಾಯವನ್ನೇ ನೆನೆದು ಬಾಲ್ಕನಿಗೆ ಒಂದು ಬಿದಿರಿನ ಪರದೆ ಇಳಿಬಿಟ್ಟರೆ, ಅಪಾರ್ಟ್‌ಮೆಂಟ್ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಫೋಟೊ ಬರುತ್ತದೆ. ಆಮೇಲೆ ಮನೆ ಮಾಲೀಕರ ಫೋನು. ಕಟ್ಟಡದ ಹೊರನೋಟ ಕೆಡಿಸಬಾರದು, ಪರದೆ ತೆಗೆಯಬೇಕು, ಇಲ್ಲವಾದರೆ ದಂಡ. ಹಸಿರು ಶೇಡ್ ನೆಟ್‌ಗೂ ಇದೇ ಗತಿ, ಗಾಜಿಗೆ ಅಂಟಿಸುವ ಫಿಲ್ಮಿಗೂ ಇದೇ ಗತಿ. ಹಲವೆಡೆ ಒಳಗಿನ ಪರದೆಯ ಹೊರಮೈ ಬಣ್ಣವನ್ನೂ ಸಂಘವೇ ನಿಗದಿ ಮಾಡುತ್ತದೆ.

ಈ ನಿಯಮದ ಹಿಂದಿನ ನಂಬಿಕೆ ನಗರದಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಕಟ್ಟಡ ಎಲ್ಲ ಕಡೆಯಿಂದ ಒಂದೇ ಥರ ಕಂಡರೆ ಅದಕ್ಕೆ ಬೆಲೆ, ಒಬ್ಬರು ಬಿದಿರು ಕಟ್ಟಿದರೆ ನಾಳೆ ಇನ್ನೊಬ್ಬರು ಟಾರ್ಪಾಲು ಕಟ್ಟುತ್ತಾರೆ, ಬಾಡಿಗೆಯವರು ಇಂದು ಇದ್ದು ನಾಳೆ ಹೋಗುವವರು, ಬೆಂಗಳೂರಿನ ಹವೆ ಹೇಗೂ ತಂಪು, ಸೆಖೆ ತಡೆಯದಿದ್ದರೆ ಎ.ಸಿ. ಹಾಕಿಸಿಕೊಳ್ಳಲಿ ಎಂಬುದು ಆ ನಂಬಿಕೆ. ಓದಿದವರು, ಸಜ್ಜನರು, ನೆರೆಹೊರೆಯ ಕಷ್ಟಕ್ಕೆ ಆಗುವವರು ಕೂಡ ಇದನ್ನು ಪ್ರಶ್ನೆ ಮಾಡದೆ ಒಪ್ಪಿಕೊಂಡಿದ್ದಾರೆ. ಒಪ್ಪತಕ್ಕ ಮಾತು ಇದರಲ್ಲಿ ಬಹಳ ಕಡಿಮೆ ಇದೆ.

ಹವೆ ತಂಪು ಎಂಬ ಮಾತನ್ನೇ ಮೊದಲು ನೋಡಬೇಕು. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಕಾವೇರಿ ನೀರಿಗೂ ಬೋರ್‌ವೆಲ್ ನೀರಿಗೂ ಪರದಾಡಿದ ಆ ಬೇಸಿಗೆಯನ್ನು ಬಾಡಿಗೆ ಮನೆಗಳಲ್ಲಿ ಕಳೆದವರಿಗೆ ಅದರ ನೆನಪು ಇನ್ನೂ ಹಸಿಯಾಗಿದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಕಡೆಯ ಬಯಲಿನಲ್ಲಿ ನಗರದ ಮರಗಳ ನೆರಳೂ ಇಲ್ಲ. ಹಿಂದೆ ಬ್ರಿಟಿಷ್ ಅಧಿಕಾರಿಗಳು ಬೇಸಿಗೆ ಕಳೆಯಲು 1,478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತುತ್ತಿದ್ದರು. ಕೆಳಗಿನ ಬಯಲಿನ ಏಪ್ರಿಲ್ ಎಂಥದೆಂದು ಆಗಲೂ ತಿಳಿದಿತ್ತು.

ಇನ್ನು ಸೂರ್ಯನ ಲೆಕ್ಕ. ಈ ಪ್ರದೇಶ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ನೇರ ಬರುತ್ತಾನೆ. ಶಾಲೆಯ ಮಕ್ಕಳಿಗೆ ನೆರಳಿಲ್ಲದ ದಿನ ಎಂದು ತೋರಿಸುವುದು ಇದನ್ನೇ. ಆ ದಿನಗಳಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲವೆನ್ನಬಹುದು. ಹೊಡೆತವೆಲ್ಲ ತಾರಸಿಗೆ, ಬೆಳಿಗ್ಗೆ ಪೂರ್ವದ ಗೋಡೆಗೆ, ಮೂರರ ನಂತರ ಪಶ್ಚಿಮದ ಗೋಡೆಗೆ. ಬಿಲ್ಡರು ಕಟ್ಟಿಕೊಟ್ಟ ಎರಡಡಿಯ ಸಜ್ಜಾ ಇಲ್ಲಿ ಕೈಕೊಡುತ್ತದೆ. ಸಂಜೆ ಐದಕ್ಕೆ ಸೂರ್ಯ ದಿಗಂತದಿಂದ ಸುಮಾರು 21 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಹೊತ್ತಿಗೆ ಎರಡಡಿ ಸಜ್ಜಾ ಪಶ್ಚಿಮದ ಕಿಟಕಿಗೆ ಕೊಡುವ ನೆರಳು ಒಂದಡಿಯೂ ಇಲ್ಲ. ನಾಲ್ಕಡಿ ಎತ್ತರದ ಗಾಜಿನಲ್ಲಿ ಮುಕ್ಕಾಲು ಪಾಲು ಬಿಸಿಲಿಗೆ ಬಿಟ್ಟಂತೆಯೇ. ಹೊಸ ಕಟ್ಟಡಗಳಲ್ಲಂತೂ ಹೊರನೋಟ ಚಪ್ಪಟೆಯಾಗಿ ನುಣುಪಾಗಿ ಕಾಣಲೆಂದು ಸಜ್ಜಾವನ್ನೇ ಕೈಬಿಡುವುದುಂಟು.

ಸಾದಾ ಒಂಟಿ ಗಾಜು ತನ್ನ ಮೇಲೆ ಬಿದ್ದ ಬಿಸಿಲ ಶಾಖದಲ್ಲಿ ಹತ್ತರಲ್ಲಿ ಎಂಟು ಪಾಲನ್ನು ಒಳಗೆ ಬಿಡುತ್ತದೆ. ಐದಡಿ ಅಗಲ, ನಾಲ್ಕಡಿ ಎತ್ತರದ ಒಂದು ಪಶ್ಚಿಮದ ಕಿಟಕಿ ಏಪ್ರಿಲ್‌ನ ಸಂಜೆ ನಾಲ್ಕಕ್ಕೆ ಕೋಣೆಯೊಳಗೆ ಸುರಿಯುವ ಶಾಖ ಹೆಚ್ಚುಕಡಿಮೆ ಸಾವಿರ ವ್ಯಾಟಿನ ಹೀಟರ್ ಉರಿಸಿದಷ್ಟಾಗುತ್ತದೆ. ಇಂಥ ಎರಡು ಕಿಟಕಿಯಿದ್ದರೆ ಎರಡು ಹೀಟರು. ಪರದೆಯನ್ನು ಒಳಗೆ ಹಾಕಿಕೊಳ್ಳಿ, ಹೊರಗೆ ಬೇಡ ಎಂದು ಸಂಘಗಳು ಹೇಳುವ ಸಲಹೆ ಇಲ್ಲೇ ಬಿದ್ದುಹೋಗುತ್ತದೆ. ಗಾಜು ದಾಟಿ ಬಂದ ಬಿಸಿಲು ಒಳಪರದೆಯ ಮೇಲೆ ಬಿದ್ದು ಪರದೆಯನ್ನೇ ಕಾಯಿಸುತ್ತದೆ, ಆ ಶಾಖ ಕೋಣೆಯಲ್ಲೇ ಉಳಿಯುತ್ತದೆ. ಅಮೆರಿಕದ ಇಂಧನ ಇಲಾಖೆ ಜನರಿಗೆ ಕೊಡುವ ಮಾಹಿತಿಯಲ್ಲಿ ಎರಡೂ ಅಂಕಿಗಳಿವೆ: ಬಿಳಿ ಪ್ಲಾಸ್ಟಿಕ್ ಅಸ್ತರಿಯಿರುವ ಒಳಪರದೆ ಕಿಟಕಿಯ ಶಾಖವನ್ನು ಶೇ 33ರಷ್ಟು ಇಳಿಸಬಹುದು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ಕಟ್ಟಿದ ಮೇಲ್ಮರೆ ಶೇ 77ರವರೆಗೆ ಇಳಿಸಬಹುದು. ಹುಳು ಮನೆಯ ಗೋಣಿತಾಟಿಗೆ ಈ ಅಂಕಿಗಳ ಬೆಂಬಲ ಬೇಕಿರಲಿಲ್ಲ. ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ಬೇಕಾಗಿದೆ.

ಭಾರತದ ನಿಯಮಗಳೇ ಈ ಮಾತನ್ನು ಒಪ್ಪಿವೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗೆಂದು ಇಕೊ ನಿವಾಸ್ ಸಂಹಿತೆ ಹೊರತಂದಿತು. ಗೋಡೆ ಮತ್ತು ಕಿಟಕಿಗಳ ಮೂಲಕ ಮನೆಯೊಳಗೆ ನುಗ್ಗುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದೆಂದು ಅದು ಹೇಳುತ್ತದೆ. ಅದರ ಲೆಕ್ಕದಲ್ಲಿ ಕಿಟಕಿ ಯಾವ ದಿಕ್ಕಿಗಿದೆ, ಹೊರಗೆ ನೆರಳು ಎಷ್ಟಿದೆ ಎಂಬುದಕ್ಕೆ ಜಾಗವಿದೆ. ಒಳಪರದೆಯ ಬಣ್ಣಕ್ಕೆ ಇಲ್ಲ. ಬೆಂಗಳೂರಿನಂಥ ಸಮಶೀತೋಷ್ಣ ಪ್ರದೇಶದಲ್ಲಿ ತೆರೆಯಬಹುದಾದ ಕಿಟಕಿ ಬಾಗಿಲುಗಳ ಜಾಗ ನೆಲದ ವಿಸ್ತೀರ್ಣದ ಶೇ 12.5ಕ್ಕಿಂತ ಕಡಿಮೆಯಾಗಬಾರದು ಎಂಬುದೂ ಅದರಲ್ಲಿದೆ. ಎರಡು ಹಳಿಯ ಸರಿಯುವ ಕಿಟಕಿ ಎಷ್ಟು ಎಳೆದರೂ ಅರ್ಧದಷ್ಟೇ ತೆರೆಯುತ್ತದೆ. ಕಾಗದದ ಮೇಲೆ ದೊಡ್ಡದಾಗಿ ಕಂಡ ಕಿಟಕಿ ರಾತ್ರಿಯ ಗಾಳಿಗೆ ಕೊಡುವ ದಾರಿ ಅದರ ಅರ್ಧ. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ಈ ಪ್ರಸ್ಥಭೂಮಿಯ ದೊಡ್ಡ ಭಾಗ್ಯವೆಂದರೆ ರಾತ್ರಿಯ ತಂಪು. ಹಗಲಲ್ಲಿ ಶಾಖವನ್ನು ಹೊರಗಿಟ್ಟು, ಕತ್ತಲಾದ ಮೇಲೆ ಗಾಳಿಯನ್ನು ಒಳಗೆ ಬಿಟ್ಟುಕೊಂಡರೆ ಫ್ಯಾನಿನಲ್ಲೇ ಬೇಸಿಗೆ ಕಳೆಯಬಹುದಾದ ಊರುಗಳಿವು. ಮೊದಲ ಕೆಲಸಕ್ಕೆ ನಿಯಮ ಅಡ್ಡ ನಿಂತರೆ ಎರಡನೆಯದರಿಂದ ದೊಡ್ಡ ಫಲವಿಲ್ಲ. ಆರು ಗಂಟೆಯವರೆಗೆ ಕಾದ ಕಾಂಕ್ರೀಟ್ ಗೋಡೆ ನಡುರಾತ್ರಿಯವರೆಗೂ ಶಾಖ ಉಗುಳುತ್ತಲೇ ಇರುತ್ತದೆ.

ಹೊರನೋಟದ ಮಾತಿಗೆ ಬರೋಣ. ಬೆಂಗಳೂರಿನ ಹಳೆಯ ಬಂಗಲೆಗಳ ಚಂದವೆಂದು ಇಂದಿಗೂ ಎಲ್ಲರೂ ಕೊಂಡಾಡುವುದು ಯಾವುದನ್ನು? ಕಿಟಕಿಯ ಮೇಲೆ ಮುಂದಕ್ಕೆ ಚಾಚಿಕೊಂಡು, ಮರದ ಪಟ್ಟಿಗಳಿಂದ ಇಳಿಬಿದ್ದ ಆ ಮಂಕಿ ಟಾಪ್‌ಗಳನ್ನು. ಬಿಸಿಲು ಗಾಜು ಮುಟ್ಟದಿರಲೆಂದೇ ಅವನ್ನು ಕಟ್ಟಿದ್ದು. ಕಾಫಿ ಟೇಬಲ್ ಪುಸ್ತಕಗಳಲ್ಲಿ ಅವುಗಳ ಚಿತ್ರ, ವಾಸ್ತುಶಿಲ್ಪದ ತರಗತಿಗಳಲ್ಲಿ ಅವುಗಳ ಪಾಠ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲು ಚಪ್ಪಡಿಯ ಆಳವಾದ ಜಗಲಿ, ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿ, ಗೇಣುಗಟ್ಟಲೆ ದಪ್ಪದ ಮಣ್ಣಿನ ಗೋಡೆ. ಬಿಸಿಲಿನಿಂದ ಮನೆಯನ್ನು ಕಾಯುವ ಕೆಲಸವೇ ಈ ನಾಡಿನ ಮನೆಗಳಿಗೆ ರೂಪ ಕೊಟ್ಟಿದೆ. ಬರಿಗಾಜಿನ ಬೋಳು ಗೋಡೆಯೇ ಚಂದ, ಅದಕ್ಕೆ ಒಂದು ಬಿದಿರಿನ ಪರದೆ ಬಿದ್ದರೆ ಚಂದ ಕೆಟ್ಟಿತು ಎಂಬ ರುಚಿ ಇಲ್ಲಿ ಹುಟ್ಟಿದ್ದಲ್ಲ. ಬಿಲ್ಡರ ಬಣ್ಣದ ಕರಪತ್ರದ ಚಿತ್ರವನ್ನು ಕಟ್ಟಡ ಸದಾ ಹೋಲಬೇಕೆಂಬ ಹಟ ಇದು. ಆ ಚಿತ್ರದೊಳಗೆ ಯಾರೂ ವಾಸ ಮಾಡುವುದಿಲ್ಲ.

ಆಸ್ತಿಯ ಬೆಲೆ ಇಳಿಯುತ್ತದೆಂಬ ವಾದ ಸಂಘಗಳ ಬಲವಾದ ಆಯುಧ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಅದರ ಬೆಲೆ ತಗ್ಗಿಸುವ ಕೆಲಸವನ್ನು ಮಾಲೀಕರು ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಈ ಮಾತನ್ನೇ ಹಿಡಿದು ಕೊಕ್ಕೆಗೆ ನೇತುಹಾಕಿದ ಪರದೆಗೂ ನೋಟಿಸ್ ಕೊಡುವುದುಂಟು. ತಿರುಗಿಸಿ ಕಳಚಿ ಸುತ್ತಿಡಬಹುದಾದ ಒಂದು ಪರದೆಯಿಂದ ಯಾವ ಕಂಬಕ್ಕೆ, ಯಾವ ತೊಲೆಗೆ ಧಕ್ಕೆ? ಬೆಲೆಯ ಲೆಕ್ಕವನ್ನಾದರೂ ನೆಟ್ಟಗೆ ಹಾಕಬೇಕು. ಮಧ್ಯಾಹ್ನದ ಮೇಲೆ ಕೂರಲಾಗದ, ರಾತ್ರಿ ಹನ್ನೆರಡರವರೆಗೆ ಮಲಗಲಾಗದ ಕೋಣೆಯಿರುವ ಮನೆಗೆ ಒಂದು ಬೇಸಿಗೆ ಕಳೆದ ಬಾಡಿಗೆದಾರ ಇನ್ನೊಂದು ಬೇಸಿಗೆಗೆ ನಿಲ್ಲುವುದಿಲ್ಲ. ಮಾಲೀಕನಿಗೆ ಖಾಲಿ ತಿಂಗಳು, ಬ್ರೋಕರಿಗೆ ಕಮಿಷನ್, ಮತ್ತೆ ಪೇಂಟಿಂಗ್ ಖರ್ಚು. ಇವೆಲ್ಲ ಬೆಲೆಯ ಲೆಕ್ಕಕ್ಕೆ ಸೇರುವುದೇ ಇಲ್ಲ.

ಎ.ಸಿ. ಹಾಕಿಸಿಕೊಳ್ಳಲಿ ಎನ್ನುವುದು ಅತ್ಯಂತ ಸುಲಭದ ಮಾತು. ಬಾಡಿಗೆದಾರ ಗೋಡೆ ಕೊರೆಸಬೇಕಾದರೆ ಮಾಲೀಕರ ಒಪ್ಪಿಗೆ ಬೇಕು, ಬಿಡುವಾಗ ಆ ತೂತಿಗೆಂದು ಅಡ್ವಾನ್ಸ್‌ನಲ್ಲಿ ಹಣ ಹಿಡಿಯುತ್ತಾರೆ. ಒಂದೂವರೆ ಟನ್ನಿನ ಯಂತ್ರ ಓಡುತ್ತಿದ್ದರೆ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಬೇಕು. ಬಾಡಿಗೆ, ಮೇಂಟೆನೆನ್ಸ್, ಶಾಲೆಯ ಫೀಸು ಕಟ್ಟಿ ಮಿಗಿಸಿದ ಸಂಬಳದಲ್ಲಿ ಅದನ್ನು ದಿನಕ್ಕೆ ಎಂಟು ಗಂಟೆ ಓಡಿಸುವವರು ಎಷ್ಟು ಮಂದಿ? ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಯಂತ್ರ ಒಳಗಿನ ಶಾಖವನ್ನು ಹೊರಗೆ ಎಸೆಯುತ್ತದೆ, ಅದು ಬಂದು ಬಡಿಯುವುದು ಎ.ಸಿ. ಇಲ್ಲದ ನೆರೆಮನೆಯ ಬಾಲ್ಕನಿಗೆ. ಗೋಡೆಗೆ ನೇತುಬಿದ್ದ ಆ ಕಬ್ಬಿಣದ ಪೆಟ್ಟಿಗೆಗಳು, ಅವುಗಳಿಂದ ಇಳಿದ ಪೈಪುಗಳು, ನೀರಿನ ಕಲೆ ಇವೆಲ್ಲ ಹೊರನೋಟದಲ್ಲಿ ಒಪ್ಪಿತ. ಯಾರಿಗೂ ತೊಂದರೆ ಕೊಡದೆ, ಒಂದು ಯೂನಿಟ್ಟೂ ಸುಡದೆ ನೆರಳು ಕೊಡುವ ಬಿದಿರು ಮಾತ್ರ ಅಪರಾಧ. ಹಣವಿದ್ದವರು ತಂಪು ಕೊಳ್ಳುವ ದಾರಿಯನ್ನು ತೆರೆದಿಟ್ಟು, ಹಣವಿಲ್ಲದವರು ತಂಪು ಮಾಡಿಕೊಳ್ಳುವ ದಾರಿಯನ್ನು ಮುಚ್ಚುವ ನಿಯಮವನ್ನು ಶಿಸ್ತು ಎಂದು ಕರೆಯುವುದು ತಪ್ಪು.

ಯಾರು ಬೇಯುತ್ತಾರೆ ಎಂಬುದನ್ನು ನೋಡಿದರೆ ಸಿಟ್ಟು ಬರುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆದ ಮೇಲೆ ಈ ಭಾಗದಲ್ಲಿ ರಾತ್ರಿ ಪಾಳಿಯ ಕೆಲಸ ಬೆಳೆದಿದೆ. ಸರಕು ಇಳಿಸುವವರು, ಭದ್ರತಾ ಸಿಬ್ಬಂದಿ, ಕ್ಯಾಬ್ ಚಾಲಕರು, ಫ್ಯಾಕ್ಟರಿಯ ಹುಡುಗಿಯರು, ಆಸ್ಪತ್ರೆಯ ನರ್ಸುಗಳು ಬೆಳಿಗ್ಗೆ ಮನೆಗೆ ಬಂದು ಹಗಲಿನಲ್ಲಿ ನಿದ್ದೆ ಮಾಡಬೇಕಾದವರು. ಅವರ ನಿದ್ದೆಯ ಹೊತ್ತೇ ಬಿಸಿಲಿನ ಹೊತ್ತು. ಊರಿನಿಂದ ಬಂದು ಮಗನ ಮನೆಯಲ್ಲಿ ಹಗಲಿಡೀ ಒಬ್ಬರೇ ಇರುವ ವಯಸ್ಸಾದ ತಾಯಿ, ಬಾಣಂತಿ, ಹಸುಗೂಸು, ಅಡುಗೆ ಮನೆಯ ಒಲೆಯ ಮುಂದೆ ನಿಂತ ಕೆಲಸದ ಹೆಂಗಸು, ಇವರೆಲ್ಲ ಸಂಜೆ ನಾಲ್ಕಕ್ಕೆ ಮನೆಯಲ್ಲೇ ಇರುತ್ತಾರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯ ಸಾವುಗಳಾದ ಮೇಲೆ, 2013ರಲ್ಲಿ ಆ ನಗರ ದೇಶದ ಮೊದಲ ಶಾಖ ಕ್ರಿಯಾ ಯೋಜನೆ ರೂಪಿಸಿತು. ಬಿಸಿಲಿಗೆ ಹೋಗಬೇಡಿ, ಮನೆಯೊಳಗಿರಿ ಎಂದು ಎಲ್ಲ ಸರ್ಕಾರಗಳೂ ಹೇಳುತ್ತವೆ. ಮನೆಯ ಒಳಗೇ ಬಿಸಿಲಿದ್ದರೆ ಈ ಜನ ಹೋಗುವುದೆಲ್ಲಿಗೆ?

ಇವರಲ್ಲಿ ಬಾಡಿಗೆಯವರಿಗೆ ಸಂಘದ ಸಭೆಯಲ್ಲಿ ಮತವಿಲ್ಲ. 1972ರ ಕಾಯ್ದೆಯಡಿ ಸದಸ್ಯತ್ವ ಮಾಲೀಕನದು. ಎಷ್ಟೋ ಒಪ್ಪಂದಗಳಲ್ಲಿ ಮೇಂಟೆನೆನ್ಸ್ ಕಟ್ಟುವವರು ಬಾಡಿಗೆದಾರರು, ದಂಡ ತೆರುವವರೂ ಅವರೇ, ನಿಯಮ ಬರೆಯುವವರು ಮಾತ್ರ ಬೇರೆ. ಆ ಮನೆಯ ಮಾಲೀಕ ಹೂಡಿಕೆಗೆಂದು ಫ್ಲಾಟು ಕೊಂಡು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುವುದುಂಟು. ಪಶ್ಚಿಮದ ಕೋಣೆಯಲ್ಲಿ ಆತ ಒಂದು ಮಧ್ಯಾಹ್ನವೂ ಕೂತಿರುವುದಿಲ್ಲ. ಕಾನೂನಿನ ಮೊರೆ ಹೋಗೋಣವೆಂದರೆ, ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳನ್ನು 1999ರ ಕರ್ನಾಟಕ ಬಾಡಿಗೆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಬಂಧದಲ್ಲಿ ಸುಣ್ಣಬಣ್ಣ ಮಾಲೀಕನ ಪಾಲಿಗೆ, ನಲ್ಲಿಯ ವಾಷರ್ ಮತ್ತು ಕಿಟಕಿಯ ಒಡೆದ ಗಾಜು ಬಾಡಿಗೆದಾರನ ಪಾಲಿಗೆ ಎಂದು ಹಂಚಿಕೆಯಿದೆ. ಗಾಜು ಒಡೆದರೆ ಯಾರ ಜವಾಬ್ದಾರಿ ಎಂದು ಬರೆದವರು, ಆ ಗಾಜಿನಿಂದ ಮನೆ ಕಾದರೆ ಯಾರ ಜವಾಬ್ದಾರಿ ಎಂದು ಬರೆಯಲಿಲ್ಲ.

ಸಂಘಗಳ ಭಯದಲ್ಲಿ ಎರಡು ನಿಜವಾದವು, ಅವನ್ನು ತಳ್ಳಿಹಾಕಬಾರದು. ಮೊದಲನೆಯದು, ಹತ್ತನೇ ಮಹಡಿಯಿಂದ ಏನಾದರೂ ಕಳಚಿ ಕೆಳಗಿನವರ ತಲೆಯ ಮೇಲೆ ಬೀಳುವುದು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ಬರೀ ಮಳೆಯಾಗಿ ಬರುವುದಿಲ್ಲ, ಗಾಳಿಯ ರಭಸಕ್ಕೆ ಮರಗಳೇ ಉರುಳುತ್ತವೆ. ಸಡಿಲವಾಗಿ ಕಟ್ಟಿದ ಪರದೆ ಹಾರಿಹೋಗುತ್ತದೆ. ಎರಡನೆಯದು ಬೆಂಕಿ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹೊರಗೋಡೆಯ ಹೊದಿಕೆಗೆ ಹತ್ತಿದ ಬೆಂಕಿ 72 ಜನರ ಪ್ರಾಣ ತೆಗೆಯಿತು. ಹೊರಗೋಡೆಗೆ ಯಾವ ವಸ್ತು ಕಟ್ಟುತ್ತೇವೆ ಎಂಬುದು ಜೀವದ ಪ್ರಶ್ನೆ, ಸಂದೇಹವಿಲ್ಲ. ಆದರೆ ಗ್ರೆನ್‌ಫೆಲ್‌ನ ಆ ಹೊದಿಕೆ ಬಾಡಿಗೆದಾರರು ನೇತುಹಾಕಿದ್ದಲ್ಲ. ನವೀಕರಣದ ಹೆಸರಿನಲ್ಲಿ ಇಡೀ ಕಟ್ಟಡಕ್ಕೆ ಒಂದೇ ಸಮನೆ ಹೊದಿಸಿದ್ದು. ಎಲ್ಲವೂ ಒಂದೇ ಥರ ಕಂಡರೆ ಕಟ್ಟಡ ಸುರಕ್ಷಿತ ಎಂಬ ಸಮಾಧಾನಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ಸುರಕ್ಷತೆಗೆಂದು ನಿಯಮ ಬೇಕು: ಬೇಗ ಹೊತ್ತಿಕೊಳ್ಳದ ಬಟ್ಟೆ, ಎತ್ತರದ ಮಹಡಿಗಳಲ್ಲಿ ಬಾಲ್ಕನಿಯ ಒಳಅಂಚಿಗೆ ಎರಡು ಬದಿ ಹಳಿಯಲ್ಲಿ ಇಳಿಯುವ ರೋಲರ್ ಪರದೆ, ಗಾಳಿಯ ದಿನ ಸುತ್ತಿಡಬೇಕೆಂಬ ಕಟ್ಟಳೆ. ಇಷ್ಟು ಬರೆದರೆ ಅರ್ಧ ಪುಟ. ಪೂರ್ತಿ ನಿಷೇಧಿಸುವುದು ಸಮಿತಿಗೆ ಸುಲಭ ಎಂಬ ಒಂದೇ ಕಾರಣಕ್ಕೆ ಆ ಅರ್ಧ ಪುಟವನ್ನು ಬರೆಯದೆ ಬಿಡಲಾಗುತ್ತದೆ.

ಹೊರದೇಶದ ಕನ್ನಡ ಕುಟುಂಬಗಳಿಗೂ ಇಂಥ ಕಟ್ಟಳೆ ಹೊಸದಲ್ಲ. ಮನೆಯ ಬಣ್ಣದಿಂದ ಹಿಡಿದು ಹುಲ್ಲಿನ ಎತ್ತರದವರೆಗೆ ಅಮೆರಿಕದ ಮನೆಮಾಲೀಕರ ಸಂಘಗಳ ಕೈ ಉದ್ದವಾಗಿದೆ. ಅಲ್ಲೂ ಶಾಸನಸಭೆಗಳು ಕೆಲವೆಡೆ ಗೆರೆ ಎಳೆದಿವೆ. ಬಟ್ಟೆ ಒಣಗಿಸುವ ಹಗ್ಗ ಮತ್ತು ಸೌರ ಫಲಕಗಳನ್ನು ನಿಷೇಧಿಸದಂತೆ ಫ್ಲಾರಿಡಾದಲ್ಲಿ ದಶಕಗಳಿಂದ ಕಾನೂನಿದೆ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ 2021ರ ಜೂನ್ 28ರಂದು 46.7 ಡಿಗ್ರಿ ದಾಖಲಾಯಿತು. ಆ ಬಿಸಿಗೆ ಸತ್ತವರಲ್ಲಿ ಹೆಚ್ಚಿನವರು ತಮ್ಮ ಮನೆಗಳೊಳಗೇ ಸತ್ತರು. ಮರುವರ್ಷವೇ ಅಲ್ಲಿನ ಶಾಸನಸಭೆ, ಬಾಡಿಗೆದಾರರು ಸಾಗಿಸಬಹುದಾದ ತಂಪು ಯಂತ್ರ ಇಟ್ಟುಕೊಳ್ಳುವುದನ್ನು ಮಾಲೀಕರು ಸುಮ್ಮನೆ ತಡೆಯುವಂತಿಲ್ಲ ಎಂದು ಕಾಯ್ದೆ ಮಾಡಿತು. ಅಷ್ಟು ಜನ ಸಾಯುವವರೆಗೆ ಇಲ್ಲಿ ಕಾಯುವುದು ಬೇಡ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದು, ತಾರಸಿಗೆ ಬಿಸಿಲು ಹಿಂದೆ ಚಿಮ್ಮಿಸುವ ಬಿಳಿ ಲೇಪನ ಬಳಿಯುವ ಕೆಲಸಕ್ಕೆ ಸರ್ಕಾರದ ಬೆಂಬಲ ಕೊಟ್ಟಿದೆ. ತಾರಸಿಯ ವಿಷಯದಲ್ಲಿ ಒಪ್ಪಿದ ಮಾತನ್ನು ಕಿಟಕಿಯ ವಿಷಯದಲ್ಲಿ ಒಪ್ಪಲು ಕರ್ನಾಟಕಕ್ಕೆ ಅಡ್ಡಿಯೇನು?

ಈ ವರ್ಷವೇ ಬೇಯುತ್ತಿರುವವರಿಗೆ ನಿಯಮದೊಳಗೇ ಇರುವ ದಾರಿಗಳೂ ಒಂದೆರಡಿವೆ. ಗಾಜಿಗೆ ಆತುಕೊಂಡಂತೆ, ಚೌಕಟ್ಟಿನೊಳಗೆ ಬಿಗಿಯಾಗಿ ಕೂರುವ ಬಿಳಿ ಅಸ್ತರಿಯ ಪರದೆ ಸಡಿಲ ಪರದೆಗಿಂತ ಮೇಲು. ಬಾಲ್ಕನಿಯಲ್ಲಿ ಕುಂಡಕ್ಕೆ ಹಬ್ಬಿಸಿದ ತೊಂಡೆಬಳ್ಳಿಗೋ ಶಂಖಪುಷ್ಪಕ್ಕೋ ಸಾಮಾನ್ಯವಾಗಿ ಯಾವ ಸಂಘವೂ ತಕರಾರು ಎತ್ತುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಕತ್ತಲಾದ ಮೇಲೆ ಓಡಿಸಿ, ಎದುರು ದಿಕ್ಕಿನ ಕಿಟಕಿ ತೆರೆದಿಟ್ಟರೆ ಬಿಸಿಗಾಳಿ ಬೇಗ ಹೊರಬೀಳುತ್ತದೆ. ಇವು ಸೆಖೆಯನ್ನು ಕೊಂಚ ತಗ್ಗಿಸುತ್ತವೆ. ಹೊರಗಿನ ನೆರಳಿನ ಜಾಗವನ್ನು ಇವು ತುಂಬಲಾರವು, ಇವನ್ನು ತೋರಿಸಿ ಸಂಘಗಳು ತಮ್ಮ ನಿಷೇಧ ಉಳಿಸಿಕೊಳ್ಳುವಂತೆಯೂ ಆಗಬಾರದು.

ಜಂಗಮಕೋಟೆಗೆ ಈ ವಾದ ದೂರದ್ದಲ್ಲ. ಹೋಬಳಿಯ ಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಭೂಸ್ವಾಧೀನಕ್ಕೆ ಹೊರಟು, ರೈತರು ಪರ ವಿರೋಧ ಬಣಗಳಾಗಿ ನಿಂತಿದ್ದಾರೆ. ಆ ಜಗಳ ಹೇಗೇ ಮುಗಿಯಲಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಈಚೆಗೆ ಲೇಔಟುಗಳು ಬರುತ್ತಿವೆ. ಕಾರ್ಖಾನೆ ಬಂದರೆ ಕಾರ್ಮಿಕರಿಗೆ ಬಾಡಿಗೆ ಮನೆಗಳೂ ಬರುತ್ತವೆ, ಹಿಪ್ಪುನೇರಳೆ ತೋಟವಿದ್ದ ಜಾಗದಲ್ಲಿ ಗಾಜಿನ ಕಿಟಕಿಗಳು ಏಳುತ್ತವೆ. ಅವುಗಳ ಸಂಘಗಳ ಉಪವಿಧಿ ಇನ್ನೂ ಬರೆದಾಗಿಲ್ಲ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಉಪವಿಧಿಯನ್ನು ಹೆಸರು ಬದಲಿಸಿ ನಕಲು ಮಾಡುವ ಮೊದಲು ಅದರಲ್ಲಿ ನಾಲ್ಕು ಸಾಲು ಸೇರಬೇಕು. ಪೂರ್ವ, ಪಶ್ಚಿಮದ ಕಿಟಕಿ ಬಾಲ್ಕನಿಗಳಿಗೆ ಕಳಚಬಹುದಾದ ಹೊರಪರದೆ ಹಾಕಲು ಯಾರ ಅನುಮತಿಯೂ ಬೇಕಿಲ್ಲ. ಸಂಘ ಮೂರು ಬಣ್ಣಗಳನ್ನು, ಕೊಕ್ಕೆ ಮತ್ತು ಹಳಿಯ ಮಾದರಿಯನ್ನು, ಬಟ್ಟೆಯ ಗುಣಮಟ್ಟವನ್ನು ನಿಗದಿ ಮಾಡಬಹುದು. ಈ ಹಕ್ಕು ಬಾಡಿಗೆದಾರರಿಗೂ ಸಮಾನವಾಗಿ ಅನ್ವಯಿಸುತ್ತದೆ, ಮಾಲೀಕ ಕರಾರಿನಲ್ಲಿ ಇದನ್ನು ಕಿತ್ತುಕೊಳ್ಳುವಂತಿಲ್ಲ. ಹಳೆಯ ಸಂಘಗಳು ತಮ್ಮ ಉಪವಿಧಿಗೆ ಇದನ್ನೇ ತಿದ್ದುಪಡಿಯಾಗಿ ತರಬಹುದು. ಬೇಸಿಗೆ ಕಳೆದ ಮೇಲೆ ಸಭೆ ಕರೆದರೆ ಆ ವರ್ಷದ ಮಟ್ಟಿಗೆ ಉಪಯೋಗವಿಲ್ಲ. ನಿರ್ಣಯ ಜನವರಿಯಲ್ಲೇ ಆಗಬೇಕು, ಫೆಬ್ರವರಿ ಮುಗಿಯುವುದರೊಳಗೆ ಕೊಕ್ಕೆಗಳು ಗೋಡೆಗೆ ಬಿದ್ದಿರಬೇಕು. ಮಾರ್ಚ್ ಮೊದಲ ವಾರಕ್ಕೇ ಪಶ್ಚಿಮದ ಗಾಜು ಕಾಯತೊಡಗುತ್ತದೆ.